ಬಾಯಿಲ್ಲದ ಮಾರಿಯೋ

ನಮ್ಮನೆ ಫ್ರಿಜ್ಜಿನ ಬಾಗಿಲ ಮೇಲೆ ಆರು ತಿಂಗಳಿಂದ ಒಂದು ಚೌಕಳಿ ಹಾಳೆ ಅಂಟಿಕೊಂಡಿದೆ. ಅಡ್ಡ ಇಪ್ಪತ್ತು, ಉದ್ದ ಇಪ್ಪತ್ತು, ಒಟ್ಟು 400 ಚೌಕ. ನಟ್ಟನಡುವೆ ಒಂದು ಕಪ್ಪು ಚುಕ್ಕಿ. ಅಮ್ಮ ದಿನಾ ಬೆಳಗ್ಗೆ ಕಾಫಿ ಆದಮೇಲೆ ಕನ್ನಡಕ ಹಾಕಿಕೊಂಡು, ಒಂದು ಕಣ್ಣನ್ನು ಅಂಗೈಯಲ್ಲಿ ಮುಚ್ಚಿ, ಆ ಚುಕ್ಕಿಯನ್ನೇ ನೋಡಬೇಕು. ಆಮೇಲೆ ಇನ್ನೊಂದು ಕಣ್ಣು. ಗೆರೆ ಎಲ್ಲಾದರೂ ಹೊಸದಾಗಿ ಸೊಟ್ಟ ಕಂಡರೆ, ಚೌಕ ಮಾಯವಾದರೆ ತಕ್ಷಣ ಡಾಕ್ಟರ ಹತ್ತಿರ ಓಡಬೇಕು. ವಯಸ್ಸಾದಂತೆ ಅಕ್ಷಿಪಟಲದ ನಡುಭಾಗ ಸವೆಯುವ ಕಾಯಿಲೆಗೆ ಮನೆಯಲ್ಲೇ ಮಾಡಿಕೊಳ್ಳೋ ಪರೀಕ್ಷೆ ಇದು. ಸ್ವಿಟ್ಜರ್ಲೆಂಡಿನ ಮಾರ್ಕ್ ಆಮ್ಸ್ಲರ್ ಅನ್ನೋ ಕಣ್ಣಿನ ವೈದ್ಯರ ಹೆಸರು ಆ ಹಾಳೆಗೆ. ಅಮ್ಮನ ಬಲಗಣ್ಣಿಗೆ ಚುಕ್ಕಿಯ ಪಕ್ಕದಲ್ಲಿ ಗೆರೆ ಆಗಲೇ ಅಲೆಯ ಥರ ಆಗಿದೆ. ಇಷ್ಟಕ್ಕೇ ನಿಂತರೆ ಸಾಕು ಅಂತಿದ್ದೀವಿ.

ಮೊನ್ನೆ ಭಾನುವಾರ ಒಂದು ಕಣ್ಣು ಮುಚ್ಚಿಕೊಂಡೇ ಅಂದಳು: "ಇದು ಮ್ಯಾಟಿ ಬಟ್ಟೆ ಥರಾನೇ ಇದೆ ಕಣೋ. ನಿನ್ನ ಮಾರಿಯೋನ ಇದರಲ್ಲಿ ಆರಾಮಾಗಿ ಕೂರಿಸಬಹುದು."

ನಾನು ಲೋಟ ತೊಳೆಯುತ್ತಿದ್ದವನು ನಲ್ಲಿ ನಿಲ್ಲಿಸಿದೆ. ಸುಮಾರು ಮೂವತ್ತು ವರ್ಷದಿಂದ ನಮ್ಮಿಬ್ಬರ ಮಧ್ಯೆ ಆ ಹೆಸರು ಬಂದಿರಲಿಲ್ಲ.

1994ರ ಬೇಸಿಗೆ ರಜೆ. ಆಗಲೂ ನಾವು ಬನಶಂಕರಿ ಎರಡನೇ ಹಂತದ ಇದೇ ಮನೇಲಿದ್ದೆವು. ಅಪ್ಪ ಮೆಜೆಸ್ಟಿಕ್ಕಿನ ಕಡೆಯಿಂದ ಒಂದು ಟಿವಿ ಗೇಮ್ ತಂದಿದ್ದರು. ಅದು ನಿಂಟೆಂಡೊ ಅಲ್ಲ, ನಿಂಟೆಂಡೊದ ನಕಲು ಅಂತ ನನಗೆ ಗೊತ್ತಾಗಿದ್ದು ಎಷ್ಟೋ ವರ್ಷ ಆದಮೇಲೆ. ಜೊತೆಗೆ ಬಂದ ಹಳದಿ ಕ್ಯಾಸೆಟ್ಟಿನ ಮೇಲೆ ಒಂಬತ್ತು ಲಕ್ಷ ಚಿಲ್ಲರೆ ಆಟ ಇದೆ ಅಂತ ಬರೆದಿತ್ತು, ಇದ್ದಿದ್ದು ಹತ್ತೋ ಹನ್ನೆರಡೋ (ನೀವೂ ಹೀಗೇ ಮೋಸ ಹೋಗಿರ್ತೀರ ಬಿಡಿ). ಅದರಲ್ಲಿ ನಾನು ಆಡ್ತಿದ್ದಿದ್ದು ಸೂಪರ್ ಮಾರಿಯೋ ಒಂದೇ. ಸಂಜೆ ಕರೆಂಟು ಹೋದರೆ ಆಟ ಮತ್ತೆ ಮೊದಲಿಂದ. ಅದಕ್ಕೆ ಅತ್ತಿದ್ದೂ ಉಂಟು.

"ಅಷ್ಟು ಹತ್ತಿರ ಕೂರಬೇಡ, ಕಣ್ಣು ಹಾಳಾಗತ್ತೆ" ಅಂತ ದಿನಾ ಬೈಯ್ಯೋ ಅಮ್ಮ ಒಂದಿನ ತಾನೇ ಬಂದು ಟಿವಿಗೆ ಮೂಗು ತಾಗೋ ಹಾಗೆ ಕೂತಳು. "ನಿಲ್ಲಿಸೋ ಅವನನ್ನ" ಅಂದಳು. ಸ್ಟಾರ್ಟ್ ಬಟನ್ ಒತ್ತಿದೆ. ಮಾರಿಯೋ ನಿಂತ. ಅಮ್ಮ ಎಣಿಸಿದಳು. ಹಳೇ ಗ್ಯಾಸ್ ಬಿಲ್ಲಿನ ಹಿಂದೆ ಬರೆದುಕೊಂಡಳು. ಮೇಲಿಂದ ಕೆಳಕ್ಕೆ 16 ಚೌಕ, ಅಗಲ 12. ಬಣ್ಣ ಬರೀ ಮೂರು.

ಆಗ ಪಕ್ಕದ ಮನೇಲಿ ಧಾರವಾಡದ ಕಡೆಯವರಿದ್ದರು. ಆ ಆಂಟಿ ಕಸೂತಿ ಹಾಕೋರು. ಕಸೂತಿಗೆ ಬಟ್ಟೆ ಮೇಲೆ ನಕ್ಷೆ ಬರೆದುಕೊಳ್ಳೋ ಹಾಗಿಲ್ಲ, ಎಳೆ ಎಣಿಸಿಕೊಂಡೇ ಹಾಕಬೇಕು. ಗವಂತಿ ಹೊಲಿಗೆ ಹಾಕಿದರೆ ಬಟ್ಟೆಯ ಎರಡೂ ಕಡೆ ಒಂದೇ ಥರ ಕಾಣಬೇಕು, ಗಂಟು ಕಾಣಬಾರದು. ಅವರು ಹಾಕಿದ ಆನೆ, ಗಿಳಿ, ತೇರು, ತುಳಸಿಕಟ್ಟೆ ಎಲ್ಲವೂ ಮೆಟ್ಟಿಲು ಮೆಟ್ಟಿಲಾಗೇ ಇರ್ತಿದ್ದವು, ಆದರೂ ಆನೆ ಆನೆಯೇ. ಅಮ್ಮನಿಗೆ ಅಷ್ಟು ತಾಳ್ಮೆ ಇಲ್ಲದೆ ಮ್ಯಾಟಿ ಬಟ್ಟೆ, ಕ್ರಾಸ್ ಸ್ಟಿಚ್ಚಿಗೇ ನಿಂತಳು. ಆದರೆ ಎಣಿಸೋ ಕಣ್ಣು ಬಂದುಬಿಟ್ಟಿತ್ತು.

ಜಯನಗರ ನಾಲ್ಕನೇ ಬ್ಲಾಕಿಗೆ ಹೋಗಿ ಕೆಂಪು, ಕಂದು, ಚರ್ಮದ ಬಣ್ಣದ ದಾರ ತಂದು, ಹದಿನೈದು ದಿನದಲ್ಲಿ ಒಂದು ಟಿವಿ ಕವರ್ ಮಾಡಿದಳು. ನಾಲ್ಕು ಮೂಲೆಗೂ ಒಬ್ಬೊಬ್ಬ ಮಾರಿಯೋ. ಹೊಲಿಯುವಾಗ ನಾನು ಕೇಳಿದ್ದೆ, ಬಾಯಿ ಯಾಕೆ ಹಾಕಿಲ್ಲ ಅಂತ.

"ಟಿವೀಲೂ ಇವನಿಗೆ ಬಾಯಿಲ್ಲ ಕಣೋ. ಮೀಸೆ ಇದೆಯಲ್ಲ, ಸಾಕು."

"ನೀನು ಹಾಕು."

"ಬೇಡ. ನಗೋ ಹಾಗೆ ಹಾಕಿದ್ರೆ ಗುಂಡೀಲಿ ಬಿದ್ದಾಗಲೂ ನಗ್ತಾನೇ ಇರ್ತಾನೆ."

ಆಮೇಲೆ ಎಷ್ಟೋ ವರ್ಷಕ್ಕೆ, ಮಾರಿಯೋನ ಸೃಷ್ಟಿಸಿದ ಶಿಗೆರು ಮಿಯಾಮೊಟೊ ಬಗ್ಗೆ ಓದುವಾಗ ಈ ಮಾತು ನೆನಪಾಗಿ ಕೂತಲ್ಲೇ ಕೂತಿದ್ದೆ. 1981ರ ಡಾಂಕಿ ಕಾಂಗ್ ಆಟಕ್ಕೆ ಅವನನ್ನು ಬರೆಯುವಾಗ ಮಿಯಾಮೊಟೊ ಹತ್ತಿರ ಇದ್ದಿದ್ದು ಕೆಲವೇ ಚೌಕ. ಕೂದಲು ಬರೆಯೋದು ಕಷ್ಟ, ನೆಗೆದಾಗ ಅದು ಹಾರಬೇಕು ಬೇರೆ. ಹಾಗಾಗಿ ಟೋಪಿ. ಬಾಯಿ ಬರೆಯೋಕೆ ಜಾಗ ಇಲ್ಲ, ಹಾಗಾಗಿ ದಪ್ಪ ಮೂಗು, ಅದರ ಕೆಳಗೆ ಮೀಸೆ. ಕೈ ಬೀಸೋದು ಕಾಣಬೇಕಲ್ಲ, ಅದಕ್ಕೆ ಅಂಗಿ ಒಂದು ಬಣ್ಣ, ಮೇಲಿನ ಡಂಗ್ರಿ ಇನ್ನೊಂದು ಬಣ್ಣ. ನಾನು ಆಡಿದ 1985ರ ಆಟದಲ್ಲೂ ಅದೇ ಬಡತನ. ಇಡೀ ಆಟ 40 ಕಿಲೋಬೈಟ್. ನಾವೀಗ ವಾಟ್ಸಾಪಿನಲ್ಲಿ ಕಳಿಸೋ ಗುಡ್ ಮಾರ್ನಿಂಗ್ ಹೂವಿನ ಚಿತ್ರವೇ ಅದಕ್ಕಿಂತ ದೊಡ್ಡದಿರತ್ತೆ. ಆಕಾಶದ ಮೋಡ, ನೆಲದ ಪೊದೆ ಎರಡೂ ಒಂದೇ ಚಿತ್ರ, ಬಣ್ಣ ಮಾತ್ರ ಬೇರೆ. ಹೋಗಿ ನೋಡಿ ಬೇಕಾದರೆ. ಮಾರಿಯೋನ ಕಣ್ಣಂದ್ರೆ ಮೀಸೆಯದೇ ಬಣ್ಣದ ಎರಡು ಚೌಕ, ಅಷ್ಟೇ. ಕರ್ಬಿ ಅನ್ನೋ ಗುಂಡು ಮುಖದವನ ಕಥೆಯಂತೂ ಇನ್ನೂ ಚೆಂದ. ನಿಜವಾದ ಪಾತ್ರ ಬರೆಯೋವರೆಗೂ ಇರಲಿ ಅಂತ ಇಟ್ಟ ಉಂಡೆ ಅದು. ಕೊನೆಗೆ ಅದೇ ಉಳಿದು 1992ರಲ್ಲಿ ಆಟವಾಗಿ ಹೊರಗೆ ಬಂತು.

ನನಗನ್ನಿಸೋದು, ಆ ಎರಡು ಚೌಕದ ಕಣ್ಣಿಗೆ ಗಾಬರಿ, ಹಠ, ಸುಸ್ತು ಎಲ್ಲಾ ಹಾಕ್ತಿದ್ದವನು ನಾನೇ. ಆಮೆಗೆ ತಾಗಿ ಸತ್ತಾಗ ಅವನ ಮುಖದಲ್ಲಿ ಕಂಡಿದ್ದು ನನ್ನ ದುಃಖವೇ. ಈಗಿನ ಆಟಗಳಲ್ಲಿ ಹೀರೋನ ಹಣೆ ಮೇಲಿನ ಬೆವರು ಎಣಿಸಬಹುದು. ಆದರೆ ಅವನಿಗೆ ಏನನ್ನಿಸ್ತಿದೆ ಅಂತ ಅವನೇ ಹೇಳಿಬಿಡ್ತಾನೆ, ನನಗೆ ಮಾಡೋಕೆ ಕೆಲಸವೇ ಇರಲ್ಲ.

ಹದಿಮೂರು ವಯಸ್ಸಿಗೆ ಇದೆಲ್ಲ ಎಲ್ಲಿ ಗೊತ್ತಿತ್ತು... ಜೆಪಿ ನಗರದ ಗೆಳೆಯನ ಮನೆಗೆ ಕಂಪ್ಯೂಟರ್ ಬಂದಿತ್ತು, ಅದರಲ್ಲಿ ಪ್ರಿನ್ಸ್ ಆಫ್ ಪರ್ಷಿಯಾ. 1989ರ ಆಟ. ಜೋರ್ಡನ್ ಮೆಕ್ನರ್ ಅನ್ನೋರು ತಮ್ಮನ್ನ ಓಡಿಸಿ, ನೆಗೆಸಿ, ವಿಡಿಯೋ ತೆಗೆದು ಅದರ ಮೇಲೆ ಬರೆದಿದ್ದು. ಆ ರಾಜಕುಮಾರ ಅಂಚು ಹಿಡಿದು ನೇತಾಡಿದರೆ ನಿಜವಾದ ಮನುಷ್ಯನೇ. ಅದರ ಮುಂದೆ ನನ್ನ ಮಾರಿಯೋ ತೀರಾ ಪಾಪದವನು ಅನ್ನಿಸತೊಡಗಿತ್ತು. ಅಂಥದ್ದರಲ್ಲಿ ಒಂದು ಶನಿವಾರ ಆ ಗೆಳೆಯರೆಲ್ಲ ನಮ್ಮನೆಗೆ ಬಂದರು. ಒಬ್ಬ ಕವರ್ ನೋಡಿ, "ಏನೋ ಇದು, ನಿಮ್ಮಮ್ಮ ಟವೆಲ್ ಮೇಲೆ ಮಾರಿಯೋನ ಹೊಲ್ದಿದ್ದಾರೆ!" ಅಂದ. ಎಲ್ಲಾ ನಕ್ಕರು. ನಾನೂ ನಕ್ಕೆ. ಎದ್ದು ಹೋಗಿ ಕವರ್ ಎಳೆದು, ಸುತ್ತಿ, ಸೋಫಾ ಹಿಂದೆ ಎಸೆದೆ.

ಅಮ್ಮ ಚಕ್ಕುಲಿ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ಏನೂ ಅನ್ನಲಿಲ್ಲ. ತಟ್ಟೆ ಇಟ್ಟು ಹೋದಳು. ಒಂದು ವಾರದ ಮೇಲೆ ಟಿವಿ ಮೇಲೆ ಗಿಳಿಯ ಕವರ್ ಬಂತು. ಮಾರಿಯೋ ಕವರ್ ಅಟ್ಟ ಸೇರಿತು. 2003ರಲ್ಲಿ ಎಕ್ಸ್‌ಚೇಂಜಿನಲ್ಲಿ ಹಳೇ ಟಿವಿ ಕೊಡುವಾಗ ನಾನೇ ಅದರಲ್ಲಿ ಟಿವಿ ಧೂಳು ಒರೆಸಿ, ಮೇಲೆ ಹೊದಿಸಿ ಆಟೋಗೆ ಹಾಕಿಸಿದ್ದೆ. ಅದನ್ನು ಈವರೆಗೂ ಅವಳಿಗೆ ಹೇಳಿಲ್ಲ. ಹೊಲಿಗೆಯಿಂದ ಕಣ್ಣು ಹೋಗತ್ತಾ ಅಂತ ಮಾತ್ರ ಈ ಸಲ ಡಾಕ್ಟರನ್ನ ಮೆಲ್ಲಗೆ ಕೇಳಿದೆ. ಸಂಬಂಧವಿಲ್ಲ ಅಂದರು.

ಭಾನುವಾರ ಅಮ್ಮನ ಮಾತು ಕೇಳಿ ಮಗಳು ಓಡಿ ಬಂದಳು. ಫ್ರಿಜ್ಜಿನ ಹಾಳೆ ಮೇಲೆ ಗೀಚೋ ಹಾಗಿಲ್ಲ, ಹಾಗಾಗಿ ತನ್ನ ಲೆಕ್ಕದ ಚೌಕಳಿ ಪುಸ್ತಕ, ಸ್ಕೆಚ್ ಪೆನ್ ತಂದು ಅಜ್ಜಿ ಪಕ್ಕ ಕೂತಳು. ಅಮ್ಮ ಕಣ್ಣು ಮುಚ್ಚಿಕೊಂಡು ಹೇಳೋಕೆ ಶುರು ಮಾಡಿದಳು.

"ಟೋಪಿ. ಮೊದಲ ಸಾಲು ಐದು ಕೆಂಪು. ಅದರ ಕೆಳಗೆ ಒಂದು ಚೌಕ ಹಿಂದಿನಿಂದ ಶುರು ಮಾಡಿ ಒಂಬತ್ತು..."

ನಾನು ಆ ಕಡೆ ತಿರುಗಿ ಫೋನಿನಲ್ಲಿ ಮಾರಿಯೋನ ಚಿತ್ರ ತೆಗೆದು, ದೊಡ್ಡದು ಮಾಡಿ ಎಣಿಸಿದೆ. ಐದು. ಒಂಬತ್ತು. ಮೀಸೆಗೂ ಐದು ಅಂದಳು, ಅದೂ ಸರಿ.

"ಅಜ್ಜಿ, ಬಾಯಿ?" ಅಂತ ಮಗಳು ಕೇಳಿದಳು.

"ಬಾಯಿ ಇಲ್ಲ ಪುಟ್ಟಿ."

ಡಂಗ್ರಿವರೆಗೂ ಹೀಗೇ ಬಂತು. ಕೊನೆ ಸಾಲಿಗೆ ಬಂದಾಗ ಅಮ್ಮ ನಿಂತಳು. ಬೆರಳು ಮಡಿಚಿ, ಬಿಚ್ಚಿ, ಮತ್ತೆ ಮಡಿಚಿದಳು. ಬೂಟು ನೆನಪಾಗಲಿಲ್ಲ.

"ಈ ಕಡೆ ನಾಲ್ಕು, ಆ ಕಡೆ ನಾಲ್ಕು ಅಮ್ಮ" ಅಂದೆ. "ಮಧ್ಯೆ ನಾಲ್ಕು ಖಾಲಿ."