ಕೋಸಬಾಡದ ಗುಡ್ಡದ ಮೇಲೆ

ಮುಂಬಯಿಯಿಂದ ಉತ್ತರಕ್ಕೆ ಸಾಗುವ ರೈಲು ಡಹಾಣೂ ತಲುಪುವ ವೇಳೆಗೆ ನಗರದ ಹೊಗೆ ಹಿಂದುಳಿದಿರುತ್ತದೆ. ಪಡುವಣಕ್ಕೆ ಅರಬ್ಬೀ ಸಮುದ್ರ, ದಂಡೆಯುದ್ದಕ್ಕೂ ಗಾಳಿಮರಗಳ ಸಾಲು. ಒಳನಾಡಿಗೆ ತಿರುಗಿದರೆ ಸಪೋಟದ ತೋಟಗಳು. ಅವನ್ನು ದಾಟಿ ಏರಿದರೆ ಕೋಸಬಾಡದ ಗುಡ್ಡ. ಇದು ವಾರಲೀ ಜನರ ನಾಡು. ಅವರ ಗೋಡೆಚಿತ್ರಗಳು ಈಗ ಪಟ್ಟಣದ ಸೀರೆಯಂಚನ್ನೂ ಸೇರಿವೆ. ಅವರ ಮಕ್ಕಳಿಗಾಗಿ ಇಲ್ಲಿ ನಡೆದ ಶಿಶುಶಿಕ್ಷಣದ ಕಥೆಯನ್ನು ಬಲ್ಲವರು ವಿರಳ.

ಭಾವನಗರದಲ್ಲಿ ಗಿಜುಭಾಯಿ ಬಧೇಕರೊಡನೆ ದುಡಿದಿದ್ದ ತಾರಾಬಾಯಿ ಮೋಡಕರು 1945ರಲ್ಲಿ ಸಮೀಪದ ಬೋರ್ಡಿಯಲ್ಲಿ ಬಾಲವಾಡಿ ತೆರೆದರು. ಅನುತಾಯಿ ವಾಘರು ಅವರ ಜೊತೆಗೂಡಿದರು. ಮಾಂಟೆಸೊರಿಯ ದುಬಾರಿ ಉಪಕರಣಗಳ ಸ್ಥಾನಕ್ಕೆ ಕಲ್ಲು, ಎಲೆ, ಕಪ್ಪೆಚಿಪ್ಪುಗಳು ಬಂದವು. ಬಡಕೇರಿಯ ಮಕ್ಕಳು ಶಾಲೆಗೆ ಬಾರದಿದ್ದಾಗ ಶಾಲೆಯೇ ಅವರ ಅಂಗಳಕ್ಕೆ ನಡೆಯಿತು. 1957ರಲ್ಲಿ ಕಾರ್ಯಕ್ಷೇತ್ರ ಕೋಸಬಾಡಕ್ಕೆ ಬದಲಾದ ಮೇಲೆ ದನಗಾಹಿ ಹುಡುಗರನ್ನರಸಿ ಹುಲ್ಲುಗಾವಲಿಗೂ ಹೋಯಿತು.

ಆದರೂ ಒಂದು ತೊಡಕು ಉಳಿದಿತ್ತು. ತಾಯಿ ಕೂಲಿಗೆ ಹೋದರೆ ಎಂಟು ವರ್ಷದ ಅಕ್ಕನ ಕಂಕುಳಲ್ಲಿ ಕೂಸು, ಲಂಗದ ಚುಂಗು ಹಿಡಿದು ಮೂರು ವರ್ಷದ ತಮ್ಮ, ಅವಳಿಗೆ ಶಾಲೆಯೆಲ್ಲಿ? ಇಲ್ಲಿನ ವಿಕಾಸವಾಡಿಯಲ್ಲಿ ಕೂಸುಗಳ ತೊಟ್ಟಿಲಮನೆ, ಬಾಲವಾಡಿ, ಪ್ರಾಥಮಿಕ ಶಾಲೆ ಮೂರನ್ನೂ ಒಂದೇ ಆವರಣದಲ್ಲಿಟ್ಟರು. ಅಕ್ಕನ ಕೈಗಳು ಬಿಡುವಾದವು, ಸ್ಲೇಟು ಹಿಡಿದವು.

ತಮ್ಮನಿಗಾದ ಲಾಭ ಇನ್ನೂ ಸೂಕ್ಷ್ಮವಾದುದು. ಆ ವಯಸ್ಸಿಗೆ ಅಕ್ಷರಕ್ಕಿಂತ ಮುಂಚೆ ಬೇಕಾದದ್ದು ಧೈರ್ಯ. ತನ್ನವರು ಕೂಗಳತೆಯಲ್ಲಿದ್ದಾರೆಂಬ ನಂಬಿಕೆಯಿದ್ದರೆ ಮಗು ಹೊಸಬರತ್ತ ಹೆಜ್ಜೆಯಿಡುತ್ತದೆ. ಮೊದಲು ಇನ್ನೊಂದು ಮಗುವಿನ ಪಕ್ಕದಲ್ಲಿ ತನ್ನ ಪಾಡಿಗೆ ತಾನು ಆಡಿಕೊಳ್ಳುತ್ತದೆ. ತಿಂಗಳುಗಳು ಕಳೆದಂತೆ ಅದರೊಡನೆಯೇ ಆಡತೊಡಗುತ್ತದೆ. ಕಸಿಯುವ ಕೈ ಸರದಿ ಕಾಯಲು ಕಲಿಯುತ್ತದೆ, ಕಚ್ಚುವ ಬಾಯಿ ಮಾತನಾಡಲು ಕಲಿಯುತ್ತದೆ. ನಮ್ಮ ಬಡಾವಣೆಗಳ ಕೆಲವು ನರ್ಸರಿಗಳಲ್ಲಿ ಅಳುವ ಕಂದನನ್ನು ಒಳಕ್ಕೆಳೆದು, ತಾಯಿ ಹಿಂತಿರುಗಿ ನೋಡಕೂಡದೆಂದು ಕದವಿಕ್ಕುತ್ತಾರೆ. ಅದಕ್ಕೆ ಶಿಸ್ತೆಂದು ಹೆಸರು, ಶುಲ್ಕ ಬೇರೆ!

ತಾರಾಬಾಯಿಯವರು 1973ರಲ್ಲಿ, ಅನುತಾಯಿಯವರು 1992ರಲ್ಲಿ ತೀರಿಕೊಂಡರು. ಈ ನಡುವೆ, 1975ರ ಅಕ್ಟೋಬರ್ 2ರಂದು ಆರಂಭವಾದ ಸರ್ಕಾರದ ಯೋಜನೆಯಿಂದ ‘ಅಂಗನವಾಡಿ’ ದೇಶದ ಮನೆಮಾತಾಯಿತು. ನಮ್ಮಲ್ಲಿ ಅದು ಮೊದಲು ಬಂದದ್ದು ತಿರುಮಕೂಡಲು ನರಸೀಪುರಕ್ಕೆ. ತೊಟ್ಟಿಲಮನೆ ಮಾತ್ರ ತಡವಾಯಿತು: ಕೂಲಿ ತಾಯಂದಿರ ಹಸುಗೂಸುಗಳಿಗಾಗಿ ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ ತೆರೆಯುವ ಯೋಜನೆಯನ್ನು ಕರ್ನಾಟಕ ಕೈಗೆತ್ತಿಕೊಂಡದ್ದು 2023ರಲ್ಲಿ.