ಗುಮ್ಮಟದ ಪ್ರತಿಧ್ವನಿ, ಲಾವಣಿಯ ಜವಾಬು

ಚಳಿಗಾಲ ಬಂತೆಂದರೆ ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ಶಾಲೆಗಳಲ್ಲಿ ಪ್ರವಾಸದ ಮಾತು ಶುರುವಾಗುತ್ತದೆ. ಹಂಪಿ, ಕೂಡಲಸಂಗಮ ನೋಡಿಕೊಂಡು ವಿಜಯಪುರದ ಗೋಲಗುಮ್ಮಟಕ್ಕೆ ಹೋಗಿಬರುವುದು ನಮ್ಮ ಕಡೆಯ ವಾಡಿಕೆ. ಚಿತ್ರದುರ್ಗದಿಂದ ಹೊಸಪೇಟೆ, ಕುಷ್ಟಗಿಯ ಮೇಲೆ 300 ಕಿ.ಮೀ.ಗೂ ಹೆಚ್ಚಿನ ದಾರಿ.

ಈ ದಾರಿಯ ನಮ್ಮ ತುದಿಯಲ್ಲಿರುವುದು ಏಳು ಸುತ್ತಿನ ಕೋಟೆ. ಹೈದರಾಲಿ ಮತ್ತು ಮದಕರಿ ನಾಯಕರ ಕದನ, 1779ರಲ್ಲಿ ದುರ್ಗದ ಪತನ, ಇವು ನಮ್ಮ ಮಕ್ಕಳಿಗೆ ಬಾಯಿಪಾಠ. ಅದು ಆಯುಧದ ಸ್ಪರ್ಧೆ. ಒಬ್ಬ ಉಳಿದ, ಇನ್ನೊಬ್ಬ ಅಳಿದ. ಇನ್ನೊಂದು ತುದಿಯ ಸೀಮೆಯಲ್ಲಿ ಪದ್ಯವನ್ನೇ ಆಯುಧ ಮಾಡಿಕೊಂಡ ಬೇರೊಂದು ಸ್ಪರ್ಧೆ ಬೆಳೆಯಿತು. ಪ್ರವಾಸದ ಪಟ್ಟಿಯಲ್ಲಿ ಅದರ ಹೆಸರು ಕಾಣುವುದು ಅಪರೂಪ.

ಆದಿಲಶಾಹಿಗಳ ಕಾಲದ ವಿಜಯಪುರದಲ್ಲಿ ಚಿಶ್ತಿ, ಖಾದಿರಿ, ಶತ್ತಾರಿ ಎಂಬ ಸೂಫಿ ಪಂಥಗಳು ನೆಲೆಸಿದ್ದವು. ದೇವರನ್ನು ಅರಿಯುವ ದಾರಿ ಯಾವುದು, ಸಾಧಕನಿಗೆ ಸಂಗೀತ ಸಲ್ಲುತ್ತದೆಯೇ ಎಂಬ ವಿಷಯಗಳಲ್ಲಿ ಅವುಗಳ ನಡುವೆ ಒಮ್ಮತವಿರಲಿಲ್ಲ. ಊರ ಹೊರಗಿನ ಷಾಪುರ ದಿಬ್ಬದ ಚಿಶ್ತಿ ಸಂತರಲ್ಲಿ ಒಬ್ಬರಾದ ಬುರ್ಹಾನುದ್ದೀನ್ ಜಾನಂ 1582ರಲ್ಲಿ ‘ಇರ್ಷಾದ್‌ನಾಮಾ’ ಬರೆದರು. ಅದು ಶಿಷ್ಯ ಕೇಳುವ, ಗುರು ಹೇಳುವ ಪದ್ಯಗ್ರಂಥ. ಭಾಷೆ ಜನರಾಡುವ ದಖನಿ. ಹೀಗೆ ತತ್ತ್ವದ ಪ್ರಶ್ನೋತ್ತರ ಪಂಡಿತರ ಫಾರಸಿಯಿಂದ ಇಳಿದು ಮನೆಯಂಗಳಕ್ಕೆ ಬಂತು.

ಪ್ರಶ್ನೋತ್ತರ ಇನ್ನೂ ಬಿರುಸಾಗಿ ಕಾಣುವುದು ಕಲ್ಗಿ-ತುರಾಯಿ ಲಾವಣಿಗಳಲ್ಲಿ. ಇದರ ಹುಟ್ಟಿನ ಬಗ್ಗೆ ಗಾಯಕರು ಹೇಳುವ ಕಥೆಯೊಂದಿದೆ. ತುಕನ್‌ಗೀರ್ ಎಂಬ ಗೋಸಾವಿ, ಷಾ ಅಲಿ ಎಂಬ ಫಕೀರ. ಇಬ್ಬರೂ ಮಧ್ಯಪ್ರದೇಶದ ಚಂದೇರಿಯ ಅರಸನ ಮುಂದೆ ಪದ್ಯದಲ್ಲೇ ವಾದಕ್ಕಿಳಿದರು. ಗೋಸಾವಿ ಶಿವ ಹೆಚ್ಚು ಎಂದ, ಫಕೀರ ಶಕ್ತಿ ಹೆಚ್ಚು ಎಂದ. ಯಾರೂ ಸೋಲಲಿಲ್ಲ. ಮೆಚ್ಚಿದ ಅರಸ ತನ್ನ ಕಿರೀಟದ ತುರಾಯಿಯನ್ನು ಒಬ್ಬನಿಗೂ ಕಲ್ಗಿಯನ್ನು ಇನ್ನೊಬ್ಬನಿಗೂ ಕೊಟ್ಟ. ಎರಡೂ ಒಂದೇ ಕಿರೀಟದ ಒಡವೆಗಳು ಎಂಬುದನ್ನು ಗಮನಿಸಬೇಕು. ಗೋಸಾವಿ ಶಿವನನ್ನು ಎತ್ತಿಹಿಡಿದದ್ದು ಸಹಜ. ಫಕೀರನೊಬ್ಬ ಶಕ್ತಿಯ ಪರ ವಾದಿಸಲು ಎದುರಾಳಿಯ ಪುರಾಣವನ್ನು ಎಷ್ಟು ಓದಿರಬೇಕು!

ಈ ಸಂಪ್ರದಾಯ ರಾಜಸ್ಥಾನ, ಮಹಾರಾಷ್ಟ್ರಗಳಂತೆ ನಮ್ಮ ಉತ್ತರ ಕರ್ನಾಟಕಕ್ಕೂ ಹಬ್ಬಿತು. ಇಲ್ಲಿ ಹರದೇಶಿ-ನಾಗೇಶಿ ಎಂಬ ಮೇಳಗಳು ಹೆಣ್ಣು ಹೆಚ್ಚೋ ಗಂಡು ಹೆಚ್ಚೋ ಎಂದು ಡಪ್ಪು, ತುಂತುಣಿ ಹಿಡಿದು ರಾತ್ರಿಯಿಡೀ ಹಾಡಿದವು. ಇದಕ್ಕೆ ಸವಾಲ್-ಜವಾಬ್ ಎಂದೇ ಹೆಸರು. ಎದುರಿನವರ ಸವಾಲನ್ನು ಪೂರ್ತಿ ಕೇಳಿಸಿಕೊಳ್ಳದೆ ಜವಾಬು ಕಟ್ಟಲಾಗದು. ಭೀಮಾ ನದಿ ಸೀಮೆಯ ಹಲಸಂಗಿಯಲ್ಲಿ ಖಾಜಾಭಾಯಿ ಎಂಬ ಲಾವಣಿಕಾರರಿದ್ದರು. ಅದೇ ಸೀಮೆಯ ಮಧುರಚೆನ್ನ, ಸಿಂಪಿ ಲಿಂಗಣ್ಣ, ಧೂಲಾಸಾಹೇಬ ಮೊದಲಾದ ಗೆಳೆಯರು 1931ರಲ್ಲಿ ‘ಗರತಿಯ ಹಾಡು’ ತಂದರು. 1933ರಲ್ಲಿ ಲಾವಣಿಗಳ ಸಂಗ್ರಹ ‘ಜೀವನ ಸಂಗೀತ’ ಹೊರಬಂತು. ಹಾಡಿದವರಲ್ಲೂ ಸಂಗ್ರಹಿಸಿದವರಲ್ಲೂ ಎರಡೂ ಧರ್ಮದವರಿದ್ದರು.

ವಿಜ್ಞಾನದ ಮೇಷ್ಟ್ರಾದ ನನಗೆ ಗೋಲಗುಮ್ಮಟ ಒಳ್ಳೆಯ ಪಾಠಶಾಲೆ. ಪಿಸುಗುಟ್ಟಿದ ಮಾತು ಬಾಗಿದ ಗೋಡೆಗುಂಟ ಸಾಗಿ ಎದುರು ಬದಿಯವರ ಕಿವಿಗೆ ಬೀಳುತ್ತದೆ. ಒಂದು ಚಪ್ಪಾಳೆ ಹಲವು ಸಲ ಮರಳುತ್ತದೆ. ಮಕ್ಕಳಿಗೆ ಇದು ಬಲು ಖುಷಿ. ಆದರೆ ಪ್ರತಿಧ್ವನಿ ಮರಳಿಸುವುದು ನಮ್ಮ ದನಿಯನ್ನೇ. ಅದರಲ್ಲಿ ಹೊಸದೊಂದು ಅಕ್ಷರವೂ ಸೇರುವುದಿಲ್ಲ. ಜವಾಬು ಹಾಗಲ್ಲ. ಅದು ನಾವು ಎಣಿಸದಿದ್ದುದನ್ನು ಹೊತ್ತು ತರುತ್ತದೆ.

ನಮ್ಮ ತರಗತಿಗಳು ಇವೆರಡರಲ್ಲಿ ಯಾವುದನ್ನು ಹೋಲುತ್ತವೆ? ಗೈಡಿನ ಉತ್ತರ ಉತ್ತರಪತ್ರಿಕೆಯಲ್ಲಿ ಹಾಗೆಯೇ ಮರಳಿದರೆ ಪೂರ್ಣ ಅಂಕ. ಮನೆಯಲ್ಲೂ ಅಷ್ಟೇ, ‘ಎದುರು ಮಾತಾಡಬೇಡ’ ಎಂದರೆ ಮುಗಿಯಿತು. ಮಗು ಪ್ರಶ್ನೆ ಕೇಳಿದರೆ ಅವಿಧೇಯತೆ ಎನ್ನುತ್ತೇವೆ. ವಿಜ್ಞಾನ ಬೆಳೆದದ್ದೇ ಒಬ್ಬನ ವಾದಕ್ಕೆ ಇನ್ನೊಬ್ಬ ಸವಾಲು ಹಾಕಿದ್ದರಿಂದ.

ಈ ಸಲ ಪ್ರವಾಸ ಹೊರಡುವ ಮಕ್ಕಳನ್ನು ಎರಡು ಮೇಳ ಮಾಡಿ ನೋಡಿ. ಬಸ್ಸಿನಲ್ಲಿ ಒಂದು ಕಡೆ ಕಲ್ಗಿ, ಇನ್ನೊಂದು ಕಡೆ ತುರಾಯಿ. ಕೋಟೆ ಹೆಚ್ಚೋ ಕೆರೆ ಹೆಚ್ಚೋ ಎಂದು ವಾದಿಸಲಿ. ದುರ್ಗದ ಮಕ್ಕಳು ಕೆರೆಯ ಪರ ನಿಲ್ಲಲಿ. ವಾಣಿವಿಲಾಸ ಸಾಗರದ ನೀರುಂಡ ಹಿರಿಯೂರಿನ ಮಕ್ಕಳು ಕೋಟೆಯ ಪರ ಹಾಡಲಿ.