ವಿಪತ್ಕಾಲದಲ್ಲಿ ದೇವರ ಆಳ್ವಿಕೆ

ದೇಶಕ್ಕೆ ಮಹಾವಿಪತ್ತು ಬಂದೊದಗಿದಾಗ ದೈವಭಕ್ತರ ಬಾಯಿಂದ ಎರಡು ಬಗೆಯ ಮಾತುಗಳು ಹೊರಡುವುದನ್ನು ನಾವು ಬಹುಕಾಲದಿಂದ ಕೇಳುತ್ತ ಬಂದಿದ್ದೇವೆ. ಇದು ಜನರ ಪಾಪಕ್ಕೆ ದೇವರು ವಿಧಿಸಿದ ದಂಡನೆಯೆಂದು ಕೆಲವರು ಹೇಳುವರು. ಎಲ್ಲವೂ ಆತನ ಚಿತ್ತ, ಇದರಿಂದಲೂ ಏನಾದರೊಂದು ಹಿತವು ಹುಟ್ಟುವುದೆಂದು ಮತ್ತೆ ಕೆಲವರು ಸಮಾಧಾನಪಡಿಸುವರು. ದೇವರು ಸರ್ವಾಧಿಕಾರಿಯೆಂಬ ನಂಬಿಕೆಯನ್ನು ನಾವು ಬಿಟ್ಟವರಲ್ಲ. ನಮ್ಮ ಶಾಲೆಯ ಪ್ರಾರ್ಥನಾ ಮಂದಿರದಲ್ಲಿ ಮೊಣಕಾಲೂರಿದ ಹಳೆಯ ವಿದ್ಯಾರ್ಥಿನಿಯರಾರೂ ಅದನ್ನು ಮರೆತಿರಲಾರರು. ಆದರೆ ಆ ಮಾತನ್ನು ಯಾರು, ಯಾರ ಎದುರಿನಲ್ಲಿ, ಯಾವಾಗ ಆಡುತ್ತಾರೆಂಬುದನ್ನು ನೋಡದೆ ನಾವು ಅದಕ್ಕೆ ತಲೆದೂಗಲಾರೆವು.

ಧಾತು ಸಂವತ್ಸರದ ಬರಗಾಲದ ಸುದ್ದಿಯನ್ನು ನಮ್ಮ ವಾಚಕರಲ್ಲಿ ಕೆಲವರು ಅಜ್ಜಿ ಮುತ್ತಜ್ಜಿಯರ ಮಾತಿನ ಮೂಲಕವಾದರೂ ಕೇಳಿರಬಹುದು. ಮೈಸೂರು ಸೀಮೆಯಲ್ಲಿ 1875ರಲ್ಲಿಯೇ ಮಳೆ ಕುಗ್ಗಿತ್ತು. 1876ರಲ್ಲಿ ಮುಂಗಾರೂ ಹಿಂಗಾರೂ ಕೈಕೊಟ್ಟವು. ರಾಗಿಯನ್ನು ಹಗೇವಿನಲ್ಲಿ ತುಂಬಿ ಬಾಯಿ ಮುಚ್ಚಿ, ಕೆಟ್ಟ ವರ್ಷಕ್ಕೆಂದು ಕಾಯ್ದಿಡುವುದು ನಮ್ಮ ರೈತರ ಹಳೆಯ ಪದ್ಧತಿ. ಆ ಹಗೇವುಗಳು ಬರಿದಾದವು. 1871ರ ಜನಗಣತಿಯಲ್ಲಿ 50 ಲಕ್ಷಕ್ಕೂ ಮೇಲ್ಪಟ್ಟಿದ್ದ ಮೈಸೂರಿನ ಜನಸಂಖ್ಯೆಯು 1881ರಲ್ಲಿ 42 ಲಕ್ಷಕ್ಕಿಂತ ಕೆಳಗಿಳಿದಿತ್ತು. ಹಸಿವಿನಿಂದ ಸತ್ತವರೆಷ್ಟೋ, ಹಸಿದ ಮೈಗೆ ತಗಲಿದ ವಾಂತಿಭೇದಿಯಿಂದ ಸತ್ತವರೆಷ್ಟೋ! ಬಳ್ಳಾರಿ, ಧಾರವಾಡ, ಬಿಜಾಪುರಗಳ ಕಡೆಯೂ ಇದೇ ಗೋಳು.

ಮಳೆ ನಿಂತುದು ಮನುಷ್ಯನ ಕೈವಾಡವಲ್ಲ, ನಿಜ. ಆದರೆ ಅದೇ ಕಾಲದಲ್ಲಿ, 1877ರ ಜನವರಿ 1ರಂದು, ಇಂಗ್ಲೆಂಡಿನ ರಾಣಿಯನ್ನು ಭಾರತದ ಚಕ್ರವರ್ತಿನಿಯೆಂದು ಸಾರುವುದಕ್ಕಾಗಿ ಲಾರ್ಡ್ ಲಿಟ್ಟನನು ದಿಲ್ಲಿಯಲ್ಲಿ ಮಹಾದರ್ಬಾರನ್ನು ನೆರೆಸಿದನು. ಧಾನ್ಯವು ಹಡಗುಗಳಲ್ಲಿ ಹೊರದೇಶಕ್ಕೆ ಸಾಗುವುದೂ ನಿಲ್ಲಲಿಲ್ಲ. ಬರಪರಿಹಾರದ ಮೇಲ್ವಿಚಾರಣೆಗೆ ಬಂದ ಸರ್ ರಿಚರ್ಡ್ ಟೆಂಪಲನು ಕಲ್ಲು ಮಣ್ಣು ಹೊರುವ ಕೂಲಿಯವನಿಗೆ ದಿನಕ್ಕೆ ಒಂದು ಪೌಂಡು ಧಾನ್ಯ ಮತ್ತು ಅಲ್ಪ ಕಾಸು ಸಾಕೆಂದು ನಿರ್ಣಯಿಸಿದನು. ಇಷ್ಟರಿಂದ ದೇಹವು ನಿಲ್ಲಲಾರದೆಂದು ಮದರಾಸಿನ ಆರೋಗ್ಯಾಧಿಕಾರಿ ಡಾಕ್ಟರ್ ಕಾರ್ನಿಷ್ ಪಟ್ಟುಹಿಡಿದು ವಾದಿಸಬೇಕಾಯಿತು. ಇಲ್ಲಿ ನಮ್ಮನ್ನು ಹೆಚ್ಚು ಕಾಡುವ ಸಂಗತಿ ಬೇರೊಂದುಂಟು. ಇದೇ ಟೆಂಪಲನು 1874ರಲ್ಲಿ ಬಿಹಾರದ ಬರವನ್ನು ಎದುರಿಸಿದಾಗ ಬರ್ಮಾ ದೇಶದಿಂದ ಅಕ್ಕಿ ತರಿಸಿ ಹಂಚಿದ್ದನು. ಅಲ್ಲಿ ಹಸಿವಿನಿಂದ ಸತ್ತವರು ಬಹು ವಿರಳ. ಆ ಸತ್ಕಾರ್ಯಕ್ಕೆ ದೊರೆತ ಬಹುಮಾನವೆಂದರೆ ದುಂದುಗಾರನೆಂಬ ನಿಂದೆ. ದಾರಿ ಗೊತ್ತಿತ್ತು, ಗೊತ್ತಿದ್ದವನೇ ಬಂದಿದ್ದನು. ಆದರೂ ಬೊಕ್ಕಸವೇ ಗೆದ್ದಿತು. ಹೀಗಿರುವಲ್ಲಿ ಬರವೆಲ್ಲ ದೇವರ ಚಿತ್ತವೆಂದು ಕೈಮುಗಿದು ಕುಳಿತರೆ, ಲೆಕ್ಕ ಕೊಡಬೇಕಾದ ಮನುಷ್ಯರನ್ನು ದೇವರ ಹೆಸರಿನ ಮರೆಯಲ್ಲಿ ಅಡಗಿಸಿದಂತಾಗುವುದು.

ನಮ್ಮ ಮನೆಯ ಮಾತನ್ನೂ ಬಚ್ಚಿಡಬಾರದು. ಆ ಬರವು ಸಾವಿರಾರು ಮಕ್ಕಳನ್ನು ತಬ್ಬಲಿಗಳನ್ನಾಗಿ ಮಾಡಿತು. ವೆಸ್ಲಿಯನ್ ಮಿಷನ್ನಿನವರು ಹಾಸನದಲ್ಲಿ ಹೆಣ್ಣುಮಕ್ಕಳಿಗೂ ತುಮಕೂರಿನಲ್ಲಿ ಗಂಡುಮಕ್ಕಳಿಗೂ ಅನಾಥಾಲಯಗಳನ್ನು ತೆರೆದರು. ಅನ್ನ, ಬಟ್ಟೆ, ಅಕ್ಷರ, ಕೈಕಸಬು ದೊರೆತವು. ಕನ್ನಡನಾಡಿನ ಕ್ರೈಸ್ತ ಕುಟುಂಬಗಳಲ್ಲಿ ಎಷ್ಟೋ ಮನೆಗಳ ಬೇರು ಇಂಥ ಅಂಗಳಗಳಲ್ಲಿದೆ. ಇದಕ್ಕಾಗಿ ನಾವು ಕೃತಜ್ಞರು. ಆದರೆ ಆ ಮಕ್ಕಳನ್ನು ಸುವಾರ್ತೆಯ ಬಳಿಗೆ ಕರೆತರಲೆಂದೇ ದೇವರು ಬರವನ್ನು ಕಳುಹಿಸಿದನೆಂದು ಯಾರಾದರೂ ಹೇಳಹೊರಟರೆ ನಮ್ಮ ಮೈ ನಡುಗುವುದು. ಮಗಳಿಗೆ ಓದು ಕಲಿಸುವುದಕ್ಕಾಗಿ ತಾಯಿಯನ್ನು ಹಸಿವಿನಿಂದ ಕೊಲ್ಲುವ ದೇವರನ್ನು ಯೇಸು ಸ್ವಾಮಿ ನಮಗೆ ತೋರಿಸಲಿಲ್ಲ.

ಹಾಗಾದರೆ ಯೋಸೇಫನ ಮಾತಿನ ಗತಿಯೇನೆಂದು ಬಲ್ಲವರು ಕೇಳುವರು. ನೀವು ಕೇಡನ್ನು ಎಣಿಸಿದಿರಿ, ದೇವರು ಅದನ್ನೇ ಮೇಲಿಗಾಗಿ ತಿರುಗಿಸಿದನೆಂಬ ಅರ್ಥದಲ್ಲಿ ಅವನು ಅಣ್ಣಂದಿರಿಗೆ ಹೇಳಿದನಲ್ಲವೇ? ಹೇಳಿದನು. ಆದರೆ ಹೇಳಿದವನು ಯಾರು? ಗುಂಡಿಗೆ ಬಿದ್ದವನು, ಮಾರಲ್ಪಟ್ಟವನು, ಸೆರೆಯಲ್ಲಿ ಮರೆಯಲ್ಪಟ್ಟವನು. ಅದೂ ಬಹು ವರ್ಷಗಳ ಮೇಲೆ, ಕಣ್ಣೀರು ಸುರಿಸಿದ ಬಳಿಕ. ಅದೇ ಮಾತನ್ನು ತಮ್ಮನನ್ನು ಮಾರಿದ ಅಣ್ಣಂದಿರು ಆಡಿದ್ದರೆ ಎಷ್ಟು ಹೇಯವಾಗುತ್ತಿತ್ತು! ಬರದಲ್ಲಿ ತಬ್ಬಲಿಯಾದ ಹುಡುಗಿಯು ತನ್ನ ಮುಪ್ಪಿನಲ್ಲಿ, ತನ್ನ ಬಾಯಿಂದಲೇ, ದೇವರು ನನ್ನನ್ನು ನಡೆಸಿದನೆಂದು ಹೇಳಿದರೆ ನಾವು ತಲೆಬಾಗಿ ಕೇಳುವೆವು. ಆಕೆಯ ಪರವಾಗಿ ಅದನ್ನು ಹೇಳುವ ಅಧಿಕಾರವು ಆಕೆಗೆ ಅನ್ನವಿಟ್ಟವರಿಗೂ ಇಲ್ಲ. (ಯೋಸೇಫನ ಆಡಳಿತವೂ ಕಳಂಕರಹಿತವೆಂದು ನಾವು ಹೇಳುವುದಿಲ್ಲ. ಕಣಜಗಳ ಧಾನ್ಯಕ್ಕೆ ಪ್ರತಿಯಾಗಿ ಐಗುಪ್ತ್ಯರ ದನಗಳನ್ನೂ ಹೊಲಗಳನ್ನೂ ಫರೋಹನಿಗೆ ಕೊಂಡುಕೊಟ್ಟ ವೃತ್ತಾಂತವು ಆದಿಕಾಂಡದಲ್ಲಿಯೇ ಇದೆ. ಭಾನುವಾರದ ಪಾಠದಲ್ಲಿ ಅದನ್ನು ಸಾಮಾನ್ಯವಾಗಿ ಬಿಟ್ಟುಬಿಡುತ್ತೇವೆ.)

ಈ ಪಾಠವನ್ನು ನಮಗೆ ತಿರುಗಿ ಓದಿಸಿದವಳು ಒಂಬತ್ತನೆಯ ತರಗತಿಯ ಒಬ್ಬ ಬಾಲಕಿ. 2021ರ ಏಪ್ರಿಲ್ ಮೇ ತಿಂಗಳುಗಳಲ್ಲಿ ಕೊರೋನಾ ವ್ಯಾಧಿಯ ಎರಡನೆಯ ಅಲೆ ಎದ್ದಾಗ, ಆಮ್ಲಜನಕದ ಸಿಲಿಂಡರಿಗಾಗಿ ಊರೂರು ಅಲೆದ ಮನೆಗಳಲ್ಲಿ ಅವಳದೂ ಒಂದು. ತಂದೆ ಉಳಿಯಲಿಲ್ಲ. ಶಾಲೆ ಮತ್ತೆ ತೆರೆದ ಮೇಲೆ ಯೋಸೇಫನ ಪಾಠ ಬಂದಿತು. ಪಾಠದ ನಡುವೆ ಅವಳು ಎದ್ದುನಿಂತು, “ಟೀಚರ್, ಫರೋಹನಿಗೆ ಏಳು ವರ್ಷ ಮುಂಚೆಯೇ ಕನಸು ಕೊಟ್ಟ ದೇವರು ನಮ್ಮ ಊರಿನವರಿಗೆ ಯಾಕೆ ಕೊಡಲಿಲ್ಲ?” ಎಂದು ಕೇಳಿದಳು. ತರಗತಿಯೆಲ್ಲ ನಿಶ್ಶಬ್ದವಾಯಿತು. ಯೋಬನ ಸ್ನೇಹಿತರು ಏಳು ದಿನ ಮಾತಿಲ್ಲದೆ ಅವನ ಪಕ್ಕದಲ್ಲಿ ನೆಲದ ಮೇಲೆ ಕುಳಿತಿದ್ದರು. ಅವರು ಮಾಡಿದ ಕೆಲಸಗಳಲ್ಲೆಲ್ಲ ಅದೇ ಉತ್ತಮವಾದುದೆಂದು ನಮಗೆ ತೋರುತ್ತದೆ. ಪುಸ್ತಕ ಮುಚ್ಚಿ ಅವಳ ಬೆಂಚಿನಲ್ಲಿ ಹೋಗಿ ಕುಳಿತೆವು.

ಆಮೇಲಾದರೂ ಉತ್ತರ ಬೇಕಲ್ಲವೇ? ಲೂಕನ ಸುವಾರ್ತೆಯಲ್ಲಿ ಸಿಲೊವಾಮಿನ ಬುರುಜು ಬಿದ್ದು 18 ಮಂದಿ ಸತ್ತ ಪ್ರಸಂಗವುಂಟು. ಅವರು ಮಿಕ್ಕವರಿಗಿಂತ ಹೆಚ್ಚು ಅಪರಾಧಿಗಳಲ್ಲವೆಂದು ಸ್ವಾಮಿಯು ಖಂಡಿತವಾಗಿ ನುಡಿದನು. ನುಡಿದು ಸುಮ್ಮನಾಗದೆ, ನೀವು ಮನಸ್ಸು ತಿರುಗಿಸಿಕೊಳ್ಳಿರೆಂದು ಬದುಕಿದ್ದವರ ಕಡೆಗೆ ಬೆರಳು ತೋರಿದನು. ಸತ್ತವರ ಪಾಪವನ್ನು ಅಳೆಯಬೇಡ, ನಿನ್ನ ಲೆಕ್ಕವನ್ನು ನೋಡಿಕೋ ಎಂಬುದೇ ಅದರ ಭಾವ. 1934ರ ಜನವರಿ 15ರ ಬಿಹಾರದ ಭೂಕಂಪವು ಅಸ್ಪೃಶ್ಯತೆಯ ಪಾಪಕ್ಕೆ ಬಂದ ದಂಡನೆಯೆಂದು ಗಾಂಧೀಜಿಯವರು ಹೇಳಿದಾಗ ರವೀಂದ್ರನಾಥ ಠಾಕೂರರು ಬಹಿರಂಗವಾಗಿ ಪ್ರತಿಭಟಿಸಿದರು. ಅಸ್ಪೃಶ್ಯತೆ ಪಾಪವೆಂಬುದರಲ್ಲಿ ಮಹಾತ್ಮರ ಕಡೆಗೇ ನಾವು ನಿಲ್ಲುವೆವು. ಆದರೆ ಬಡವನ ಗೋಡೆಯನ್ನೂ ಕೆಡವಿದ ಭೂಕಂಪದ ವಿಷಯದಲ್ಲಿ ಠಾಕೂರರ ಮಾತೇ ಸಿಲೊವಾಮಿನ ಮಾತಿಗೆ ಹತ್ತಿರವೆಂದು ಒಪ್ಪದೆ ಗತಿಯಿಲ್ಲ.

ದೇವರ ಆಳ್ವಿಕೆಯನ್ನು ಅರಿಯಲು ಕ್ರೈಸ್ತರಿಗೆ ಕೊನೆಗೂ ಇರುವುದು ಶಿಲುಬೆಯೊಂದೇ. ಅದು ದೇವರ ಸಂಕಲ್ಪವೆಂದು ಅಪೊಸ್ತಲರು ಸಾರಿದರು. ಸಾರುತ್ತಲೇ, ಕೊಂದವರು ಇಂಥವರೆಂದೂ ಹೇಳಿದರು. ಪಿಲಾತನು ಕೈ ತೊಳೆದುಕೊಂಡರೂ ಅವನ ಹೆಸರನ್ನು ಸಭೆಯು ತನ್ನ ವಿಶ್ವಾಸಪ್ರಮಾಣದಿಂದ ಇಂದಿಗೂ ತೆಗೆದುಹಾಕಿಲ್ಲ. ಆಳುವ ದೇವರು ಅಲ್ಲಿ ಸಿಂಹಾಸನದ ಮೇಲಿರಲಿಲ್ಲ, ಮೊಳೆಗಳ ಮೇಲಿದ್ದನು.

ನಮ್ಮ ಬೆಳಗಿನ ಪ್ರಾರ್ಥನೆಯಲ್ಲಿ ‘ಆಳುವವರಿಗಾಗಿ’ ಎಂದು ಹಿಂದೆ ಒಂದೇ ಮಾತಿನಲ್ಲಿ ಬೇಡಿ ಮುಗಿಸುವ ವಾಡಿಕೆಯಿತ್ತು. ಆ ವರ್ಷದಿಂದ ಅದು ಸ್ವಲ್ಪ ಉದ್ದವಾಗಿದೆ. ಉಗ್ರಾಣಗಳ ಬೀಗದ ಕೈ ಹಿಡಿದವರಿಗಾಗಿ, ನ್ಯಾಯಬೆಲೆ ಅಂಗಡಿಯಲ್ಲಿ ತೂಗುವವರಿಗಾಗಿ, ಕೆರೆಯ ತೂಬು ನೋಡುವವರಿಗಾಗಿ ಎಂದು ಮಕ್ಕಳು ಒಬ್ಬೊಬ್ಬರಾಗಿ ಸೇರಿಸುವರು. ಆಸ್ಪತ್ರೆಗಳಿಗೆ ಸಿಲಿಂಡರು ಸಾಗಿಸುವ ಲಾರಿಯವರನ್ನು ಸೇರಿಸಿದವಳು ಆ ಬಾಲಕಿಯೇ. ಅವಳು ಶಾಲೆ ಬಿಟ್ಟು ಹೋದ ಮೇಲೂ ಆ ಸಾಲನ್ನು ಯಾರಾದರೊಬ್ಬರು ಹೇಳುತ್ತಲೇ ಇದ್ದಾರೆ.